ಲಿವರ್ ತೊಳೆಯುವವರ ಕಾಲ

ಮೈಯೊಳಗಿನ ವಿಷ ತೆಗೆಯುತ್ತೇವೆ ಅಂತ ಡಿಟಾಕ್ಸ್ ಮಾಡಿಸುವವರಿಗೆ ಒಂದೇ ಒಂದು ಪ್ರಶ್ನೆ ಕೇಳಬೇಕು. ಸ್ವಾಮಿ, ನನ್ನ ಮೈಯಿಂದ ಹೊರಗೆ ಹೋಗುತ್ತಿರುವ ಆ ವಿಷದ ಹೆಸರೇನು? ಸೀಸವಾ? ಪಾದರಸವಾ? ಹೋಗಲಿ, ಎಷ್ಟು ಮಿಲಿಗ್ರಾಂ ಹೋಯಿತು? ಉತ್ತರ ಬರುವುದಿಲ್ಲ. "ಟಾಕ್ಸಿನ್ಸ್ ಸಾರ್, ಟಾಕ್ಸಿನ್ಸ್" ಅಂತ ಗಾಳಿಯಲ್ಲಿ ಕೈ ತಿರುಗಿಸುತ್ತಾರೆ. 2009ರಲ್ಲಿ ಬ್ರಿಟನ್ನಿನ ಯುವ ವಿಜ್ಞಾನಿಗಳ ಗುಂಪೊಂದು ನೀರಿನ ಬಾಟಲಿಯಿಂದ ಹಿಡಿದು ಫೇಸ್ ಸ್ಕ್ರಬ್‌ವರೆಗೆ 15 ಡಿಟಾಕ್ಸ್ ಸರಕುಗಳನ್ನು ಹಿಡಿದುಕೊಂಡು ಇದನ್ನೇ ವಿಚಾರಿಸಿತ್ತು. ಯಾವ ಎರಡು ಕಂಪನಿಗಳ ಉತ್ತರವೂ ತಾಳೆಯಾಗಲಿಲ್ಲ. ವಿಷಕ್ಕೆ ಹೆಸರಿಲ್ಲ, ಅಳತೆಯಿಲ್ಲ. ಬೆಲೆ ಮಾತ್ರ ಇದೆ.

ತಮಾಷೆ ಏನೆಂದರೆ, ಈ ಕೆಲಸಕ್ಕೆಂದೇ ಹೊಟ್ಟೆಯ ಬಲಗಡೆ, ಪಕ್ಕೆಲುಬಿನ ಮರೆಯಲ್ಲಿ, ಒಂದೂವರೆ ಕೆಜಿ ತೂಕದ ಆಸಾಮಿಯೊಬ್ಬ ಹುಟ್ಟಿದಾಗಿನಿಂದ ಡ್ಯೂಟಿಯಲ್ಲಿದ್ದಾನೆ. ಅವನೇ ಲಿವರ್. ಕರುಳು ಹೀರಿಕೊಂಡದ್ದರಲ್ಲಿ ಕೊಬ್ಬಿನ ಬಹುಪಾಲು ಬಿಟ್ಟರೆ ಉಳಿದದ್ದು ಸೀದಾ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ಸಿರೆಯ ಮೂಲಕ ಮೊದಲು ಲಿವರ್‌ಗೇ ಬರಬೇಕು. ಚೆಕ್‌ಪೋಸ್ಟ್ ಇದ್ದ ಹಾಗೆ, ಲಂಚ ಒಂದು ನಡೆಯುವುದಿಲ್ಲ. ರಾತ್ರಿ ಕುಡಿದ ಮದ್ಯ, ಬೆಳಿಗ್ಗೆ ನುಂಗಿದ ತಲೆನೋವಿನ ಮಾತ್ರೆ, ಎಲ್ಲದಕ್ಕೂ ಅಲ್ಲಿ ತಪಾಸಣೆ. ಪ್ರೋಟೀನ್ ಒಡೆದಾಗ ಹುಟ್ಟುವ ಅಮೋನಿಯಾ ಇದೆಯಲ್ಲ, ಅದು ನಿಜವಾದ ವಿಷ. ರಕ್ತದಲ್ಲಿ ಏರಿದರೆ ಮನುಷ್ಯ ಮೊದಲು ತಡಬಡಿಸುತ್ತಾನೆ, ಆಮೇಲೆ ಎಚ್ಚರ ತಪ್ಪುತ್ತಾನೆ. ಲಿವರ್ ಅದನ್ನು ಯೂರಿಯಾ ಮಾಡಿ ಕಿಡ್ನಿಯ ಕಡೆ ದಾಟಿಸುತ್ತದೆ. ಗಮನಿಸಿ, ಅದು ಕಸ ಕೂಡಿಡುವುದಿಲ್ಲ. ಕಸದ ರೂಪವನ್ನೇ ಬದಲಿಸಿ ಕಳಿಸಿಬಿಡುತ್ತದೆ. ಇನ್ನು ಅಲ್ಲಿ ತೊಳೆಯುವುದೇನನ್ನು?

ಕಿಡ್ನಿಗಳ ಲೆಕ್ಕ ಇನ್ನೂ ಜೋರು. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಮೈಯಲ್ಲಿರುವ ರಕ್ತದ್ರವವೇ, ಅಂದರೆ ರಕ್ತಕಣ ಬಿಟ್ಟು ಉಳಿದ ಭಾಗವೇ, ಸುಮಾರು 3 ಲೀಟರ್. ಅಂದರೆ ಅದೇ ದ್ರವ ದಿನಕ್ಕೆ 60 ಸಲ ಸೋಸಿ ಬರುತ್ತದೆ. ಬೇಕಾದ್ದನ್ನೆಲ್ಲ ವಾಪಸ್ ಎಳೆದುಕೊಂಡು, ಬೇಡದ್ದನ್ನು ಒಂದೂವರೆ ಲೀಟರ್‌ನಷ್ಟು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಇಂಥವರ ಎದುರು ಒಬ್ಬಾತ ಸೌತೆಕಾಯಿ ಹೋಳು ತೇಲಿಸಿದ ಬಾಟಲಿ ಹಿಡಿದು ನಿಂತು "ಮೂರೇ ದಿನದಲ್ಲಿ ಒಳಗೆಲ್ಲ ಕ್ಲೀನ್" ಅನ್ನುತ್ತಾನೆ. ಸೌತೆಕಾಯಿಗಾದರೂ ನಾಚಿಕೆಯಾಗಬೇಕಿತ್ತು.

ಇನ್ನೊಂದು ಪಂಗಡ ಅಂಗಾಲಿಗೆ ಪಟ್ಟಿ ಅಂಟಿಸಿಕೊಂಡು ಮಲಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಪಟ್ಟಿ ಕಂದು ಬಣ್ಣ! ಬಂತಲ್ಲ ವಿಷ! ಬಂದದ್ದು ಬೆವರು. ಅದು ಇರುವುದು ಮೈ ತಣ್ಣಗಾಗಲಿ ಅಂತ. ಅದರಲ್ಲಿ ಇರುವುದು ಹೆಚ್ಚುಕಡಿಮೆ ಬರೀ ನೀರು, ಉಪ್ಪು. ಪಟ್ಟಿಯೊಳಗಿನ ಪುಡಿಗೆ ತೇವ ತಾಗಿದರೆ ಸಾಕು, ಕಪ್ಪಾಗುತ್ತದೆ. ಅಂಗಾಲೇ ಬೇಕಂತಿಲ್ಲ, ನಲ್ಲಿ ನೀರು ಚಿಮುಕಿಸಿ ನೋಡಿ. ವ್ಯಾಪಾರದ ಮೋಸ ತಡೆಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಇಂಥ ಪಟ್ಟಿ ಮಾರುವವರ ಮೇಲೆ ಕೇಸು ಹಾಕಿತು. ಪಟ್ಟಿಗಳು ಇವತ್ತಿಗೂ ಸಿಗುತ್ತವೆ, ಹೊಸ ಹೆಸರಿನಲ್ಲಿ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಲಿವರ್ ಫ್ಲಶ್'. ಕೆಲವು ದಿನ ಸೇಬಿನ ರಸ ಕುಡಿದುಕೊಂಡಿರಬೇಕು. ಆಮೇಲೆ ಒಂದು ರಾತ್ರಿ ಲೋಟಗಟ್ಟಲೆ ಆಲಿವ್ ಎಣ್ಣೆಗೆ ನಿಂಬೆರಸ ಹಾಕಿ ಕುಡಿಯಬೇಕು. ಮಾರನೇ ದಿನ ಮಲದಲ್ಲಿ ಹಸಿರು ಗೋಲಿಗಳು! ಎಷ್ಟೊಂದು! ಅವನ್ನು ತೊಳೆದು, ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯುತ್ತಾರೆ. ಪಿತ್ತಕೋಶದ ಕಲ್ಲಂತೆ, ಆಪರೇಷನ್ ಇಲ್ಲದೆ ಬಂದದ್ದಂತೆ. ಹೆತ್ತ ಮಗುವಿನ ಫೋಟೋಗೂ ಕೆಲವರು ಅಷ್ಟು ಶ್ರದ್ಧೆಯಿಂದ ಬೆಳಕು ಹೊಂದಿಸುವುದಿಲ್ಲ. 2005ರಲ್ಲಿ ನ್ಯೂಜಿಲೆಂಡಿನ ವೈದ್ಯರು ಒಬ್ಬ ಮಹಿಳೆ ತಂದುಕೊಟ್ಟ ಇಂಥ ಗೋಲಿಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿದರು. ವರದಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ನಿಜವಾದ ಪಿತ್ತದ ಕಲ್ಲಿನಲ್ಲಿ ಇರಬೇಕಾದ ಕೊಲೆಸ್ಟರಾಲ್ ಇಲ್ಲ, ಪಿತ್ತಕ್ಕೆ ಬಣ್ಣ ಕೊಡುವ ಬಿಲಿರುಬಿನ್ ಇಲ್ಲ, ಕ್ಯಾಲ್ಸಿಯಂ ಇಲ್ಲ. 40 ಡಿಗ್ರಿ ಬಿಸಿ ಮಾಡಿದರೆ ಕಲ್ಲು ಕರಗಿ ಹಸಿರು ಎಣ್ಣೆ! ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಜೀರ್ಣರಸಗಳ ಜೊತೆ ಸೇರಿ, ನಿಂಬೆರಸದ ಪೊಟ್ಯಾಸಿಯಂ ಹಿಡಿದುಕೊಂಡು ಸೋಪಿನುಂಡೆ ಆಗಿತ್ತು. ಒಳಗೆ ತೊಳೆಯುತ್ತೇವೆ ಅಂದರಲ್ಲ, ಸೋಪೇನೋ ತಯಾರಾಯಿತು.

ಕ್ಷಾರೀಯ ನೀರು ಕುಡಿದರೆ ರಕ್ತದ ಆಸಿಡ್ ತಗ್ಗುತ್ತದೆ ಅನ್ನುವವರ ಕಥೆ ಬೇಗ ಮುಗಿಯುತ್ತದೆ. ಪಿಎಚ್ ಅಂದರೆ ಆಸಿಡ್-ಕ್ಷಾರದ ಅಳತೆ, 7ಕ್ಕಿಂತ ಕೆಳಗಿದ್ದರೆ ಆಸಿಡ್, ಮೇಲಿದ್ದರೆ ಕ್ಷಾರ. ದುಬಾರಿ ಬಾಟಲಿಯ ಪಿಎಚ್ 9 ಇರಬಹುದು. ಅದು ಗಂಟಲಿಳಿದು ಬೀಳುವುದು ಪಿಎಚ್ 2ರ ಆಸುಪಾಸಿನ ಆಸಿಡ್ ಇರುವ ಜಠರಕ್ಕೆ. ಅಲ್ಲಿಗೆ ಆಟ ಮುಗಿಯಿತು. ರಕ್ತದ ಪಿಎಚ್ಚನ್ನು 7.35 ಮತ್ತು 7.45ರ ಮಧ್ಯೆ ಹಿಡಿದಿಡುವ ಕೆಲಸ ಶ್ವಾಸಕೋಶ ಮತ್ತು ಕಿಡ್ನಿಗಳದು. ಆಸಿಡ್ ಜಾಸ್ತಿಯಾದರೆ ಉಸಿರು ಜೋರಾಗಿ ಕಾರ್ಬನ್ ಡೈಆಕ್ಸೈಡ್ ಆಚೆ ಹೋಗುತ್ತದೆ, ಕಿಡ್ನಿ ಉಳಿದದ್ದನ್ನು ಸರಿ ಮಾಡುತ್ತದೆ. ಆ ನೀರಿನಿಂದ ರಕ್ತ ನಿಜವಾಗಿಯೂ ಕ್ಷಾರವಾಗಿಬಿಟ್ಟರೆ ಹುಮ್ಮಸ್ಸು ಬರುವುದಿಲ್ಲ. ಕೈಕಾಲು ಸೆಟೆದುಕೊಂಡು ಆಂಬುಲೆನ್ಸ್ ಬರುತ್ತದೆ.

ಇನ್ನು ಇಮ್ಯುನಿಟಿ ಬೂಸ್ಟರ್. ರೋಗನಿರೋಧಕ ಶಕ್ತಿ ಜಾಸ್ತಿಯಾದಷ್ಟೂ ಒಳ್ಳೆಯದು ಅಂತ ಯಾರು ಹೇಳಿದರೋ ಗೊತ್ತಿಲ್ಲ. ಹೂವಿನ ಪರಾಗಕ್ಕೆ ಬೆಳಗಿನಿಂದ ಸಂಜೆವರೆಗೆ ಸೀನುವವನ ಇಮ್ಯುನಿಟಿ ಕಡಿಮೆಯಿಲ್ಲ, ಬೇಡದ ಕಡೆ ಜಾಸ್ತಿ ಇದೆ. ತನ್ನದೇ ಕೀಲುಗಳ ಮೇಲೆ ಬಿದ್ದರೆ ರುಮಟಾಯ್ಡ್ ಸಂಧಿವಾತ. ಪ್ಯಾಂಕ್ರಿಯಾಸಿನ ಇನ್ಸುಲಿನ್ ಕೋಶಗಳ ಮೇಲೆ ಬಿದ್ದರೆ ಟೈಪ್ 1 ಡಯಾಬಿಟಿಸ್. ಬೇರೆಯವರ ಕಿಡ್ನಿ ಹಾಕಿಸಿಕೊಂಡವರಂತೂ ಈ ಶಕ್ತಿಯನ್ನು ತಗ್ಗಿಸಲು ದಿನವೂ ಮಾತ್ರೆ ನುಂಗಬೇಕು. ಅವರ ಕೈಗೂ ಒಬ್ಬ ಪುಣ್ಯಾತ್ಮ ಬೂಸ್ಟರ್ ಡಬ್ಬಿ ಕೊಡುತ್ತಾನೆ, ಪ್ರೀತಿಯಿಂದ. ನಿಜವಾಗಿ ಈ ವ್ಯವಸ್ಥೆಗೆ ಪಾಠ ಹೇಳಿಕೊಡುವುದು ಲಸಿಕೆ. ಅದನ್ನು ಕಂಡರೆ ಮಾತ್ರ ಬೂಸ್ಟರ್ ಪ್ರಿಯರಲ್ಲಿ ಕೆಲವರಿಗೆ ಭಾರೀ ಅನುಮಾನ. "ಒಳಗೆ ಏನೇನು ಹಾಕಿರ್ತಾರೋ" ಅಂತಾರೆ. ಡಬ್ಬಿಯಲ್ಲಿ ಏನಿದೆ ಅಂತ ಕೇಳಿದ್ದಾರಾ? "ಎಲ್ಲಾ ನ್ಯಾಚುರಲ್!"

ಇಡೀ ವ್ಯಾಪಾರದ ಜಾಣತನ ಇರುವುದು ಅದರ ಷರತ್ತುಗಳಲ್ಲಿ. ಮೂರು ದಿನ ಊಟ ಬಿಟ್ಟು ಬರೀ ಜ್ಯೂಸ್ ಕುಡಿದರೆ ತಲೆನೋವು, ಸುಸ್ತು, ಸಿಡಿಮಿಡಿ ಬರುತ್ತದೆ. ಬರದೆ ಇನ್ನೇನು? ಹೊಟ್ಟೆಗಿಲ್ಲ, ಮೇಲೆ ಕಾಫಿಯೂ ಬಂದ್. ಆದರೆ ಡಿಟಾಕ್ಸ್ ಮಾಡಿಸುವ ಕೋಚ್ ಹೇಳುವುದೇ ಬೇರೆ: "ನೋಡಿ, ವಿಷ ಹೊರಗೆ ಹೋಗ್ತಾ ಇದೆ." ಚೆನ್ನಾಗಿದ್ದರೆ ಡಿಟಾಕ್ಸ್ ಫಲಿಸಿತು. ಕೆಟ್ಟದಾಗಿದ್ದರೆ ಇನ್ನೂ ಜೋರಾಗಿ ಫಲಿಸುತ್ತಿದೆ. ಏನೂ ಆಗದಿದ್ದರೆ ವಿಷ ಆಳದಲ್ಲಿದೆ, ಇನ್ನೊಂದು ಪ್ಯಾಕ್ ತೆಗೆದುಕೊಳ್ಳಿ. ಯಾವ ಕಡೆಯಿಂದ ಬಂದರೂ ಸೋಲದ ಇಂಥ ವಿದ್ಯೆಯನ್ನು ಪಾಪ ಎಂಬಿಬಿಎಸ್‌ನಲ್ಲಿ ಹೇಳಿಕೊಡುವುದಿಲ್ಲ.

ಅಷ್ಟರಲ್ಲಿ ಲಿವರ್‌ಗೆ ಕೆಲಸ ಕಡಿಮೆಯೇನೂ ಆಗಿರುವುದಿಲ್ಲ. ಶುದ್ಧಿಗೆಂದು ನುಂಗಿದ ಕ್ಯಾಪ್ಸೂಲನ್ನೂ ಒಡೆದು ಹೊರಹಾಕಬೇಕಾದ್ದು ಅದೇ ತಾನೇ? ಮೂಲಿಕೆಯ ಸಾರ ಗಟ್ಟಿ ಮಾಡಿದ ಮಾತ್ರೆಗಳಿಂದ ಲಿವರ್‌ಗೇ ಪೆಟ್ಟಾಗಿ, ಕಾಮಾಲೆ ಹತ್ತಿ ಆಸ್ಪತ್ರೆ ಸೇರಿದವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಅದರಲ್ಲೂ ತೂಕ ಇಳಿಸಲು, ಮೈ ಶುದ್ಧಿಗೆ ಅಂತ ಮಾರುವ ಗ್ರೀನ್ ಟೀ ಸಾರದ ಮಾತ್ರೆಗಳು ಇದಕ್ಕೆ ಹೆಸರುವಾಸಿ. ಅಂಥ ಡಬ್ಬಿ ಕೈಗೆ ಸಿಕ್ಕರೆ ಒಮ್ಮೆ ಹಿಂದೆ ತಿರುಗಿಸಿ ನೋಡಿ. ಮುಂದುಗಡೆ ದಪ್ಪ ಹಸಿರು ಅಕ್ಷರದಲ್ಲಿ ಶುದ್ಧಿಯ ಭರವಸೆ, ಎಲೆಯ ಚಿತ್ರ. ಹಿಂದುಗಡೆ, ಬ್ಯಾಚ್ ನಂಬರಿನ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣದಾಗಿ ಎಷ್ಟೋ ಕಂಪನಿಗಳು ಅಚ್ಚು ಹಾಕಿರುತ್ತವೆ: ಲಿವರ್ ತೊಂದರೆ ಇರುವವರು ಬಳಸಬಾರದು.