ಬ್ಲ್ಯಾಕ್ ಮೌಂಟನ್ನಿನ ಊಟದ ಮನೆ

ವಿದ್ಯಾಸಂಸ್ಥೆಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಸ್ಥಾಪಕರ ಭಾವಚಿತ್ರದಿಂದ ಹೊರಟು ಹೆಸರುವಾಸಿಯಾದ ಹಳೆಯ ವಿದ್ಯಾರ್ಥಿಗಳ ಪಟ್ಟಿಗೆ ಬಂದು ನಿಲ್ಲುತ್ತಾರೆ. ಅಲ್ಲಿನವರು ಎಲ್ಲಿ ಉಂಡರು, ಪಾತ್ರೆ ಯಾರು ತೊಳೆದರು ಎಂಬುದಕ್ಕೆ ಅದರಲ್ಲಿ ಜಾಗವಿರುವುದಿಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಆಶ್‌ವಿಲ್ ನಗರಕ್ಕೆ ಸಮೀಪದ ಬ್ಲ್ಯಾಕ್ ಮೌಂಟನ್ ಎಂಬ ಪುಟ್ಟ ಬೆಟ್ಟದೂರಿನಲ್ಲಿ 1933ರಿಂದ 1957ರವರೆಗೆ ಬಾಳಿದ ಬ್ಲ್ಯಾಕ್ ಮೌಂಟನ್ ಕಾಲೇಜನ್ನು ಮಾತ್ರ ಊಟದ ಮನೆಯ ಬಾಗಿಲಿನಿಂದಲೇ ಹೊಕ್ಕು ನೋಡಬೇಕೆಂದು ನನಗೆ ಅನಿಸುತ್ತದೆ.

ಫ್ಲಾರಿಡಾದ ರಾಲಿನ್ಸ್ ಕಾಲೇಜಿನಲ್ಲಿ ಕೆಲಸ ಕಳೆದುಕೊಂಡ ಜಾನ್ ಆಂಡ್ರೂ ರೈಸ್ ಎಂಬ ಅಧ್ಯಾಪಕರು ಕೆಲವು ಸಹೋದ್ಯೋಗಿಗಳನ್ನೂ ವಿದ್ಯಾರ್ಥಿಗಳನ್ನೂ ಕಟ್ಟಿಕೊಂಡು ಇದನ್ನು ಆರಂಭಿಸಿದರು. ಸಂಸ್ಥೆ ಅಧ್ಯಾಪಕರದೇ, ಅಂಕಗಳನ್ನು ವಿದ್ಯಾರ್ಥಿಗಳಿಗೆ ತಿಳಿಸುತ್ತಿರಲಿಲ್ಲ. (ನಮ್ಮ ಕಡೆಯ ತಂದೆತಾಯಿಗಳಾಗಿದ್ದರೆ ಮೊದಲ ವಾರದಲ್ಲೇ ಟಿ.ಸಿ. ಕೇಳುತ್ತಿದ್ದರು.) ವೈಎಂಸಿಎಗೆ ಸೇರಿದ, ಭಾರೀ ಕಂಬಗಳ ಕಟ್ಟಡವೊಂದು ಬಾಡಿಗೆಗೆ ಸಿಕ್ಕಿತ್ತು, ಆದರೆ ಬೇಸಿಗೆಯಲ್ಲಿ ಅದು ಮಾಲೀಕರಿಗೇ ಬೇಕಾಗುತ್ತಿದ್ದುದರಿಂದ ವರ್ಷವರ್ಷವೂ ಇಡೀ ಕಾಲೇಜನ್ನು ಗಂಟುಕಟ್ಟಿ ಅಟ್ಟಕ್ಕೇರಿಸಬೇಕಿತ್ತು.

1937ರಲ್ಲಿ ಕೊಂಡ ಲೇಕ್ ಈಡನ್ ಎಂಬ ಸ್ವಂತ ಜಾಗಕ್ಕೆ ಕಾಲೇಜು 1941ರಲ್ಲಿ ಬಂದಿತು. ಕಹಿಯಿಲ್ಲದ ಕ್ವಿನೈನ್ ಔಷಧಿ ಮಾರಿ ಶ್ರೀಮಂತನಾದ ಎಡ್ವಿನ್ ಗ್ರೋವ್ ಬೇಸಿಗೆಯ ವಿಹಾರಕ್ಕೆಂದು ಮಾಡಿಸಿದ್ದ ತಾಣ ಅದು. ಕೊಳದ ಪಕ್ಕದಲ್ಲೊಂದು ಊಟದ ಮನೆಯೂ ಇತ್ತು. ಹೊಸ ಕಟ್ಟಡಗಳಿಗೆ ಹೆಸರಾಂತ ವಾಸ್ತುಶಿಲ್ಪಿಗಳಾದ ಗ್ರೋಪಿಯಸ್ ಮತ್ತು ಬ್ರಾಯರ್ ನಕ್ಷೆ ಬರೆದುಕೊಟ್ಟಿದ್ದರೂ ಅದಕ್ಕೆ ತಕ್ಕ ಹಣವಿರಲಿಲ್ಲ. ಕೊನೆಗೆ ಲಾರೆನ್ಸ್ ಕೋಕರ್ ರೂಪಿಸಿದ ಸರಳವಾದ ಅಧ್ಯಯನ ಕಟ್ಟಡವನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ತಾವೇ ಕಟ್ಟಿದರು.

ಕಾಲೇಜಿಗೆ ಹೊಲವಿತ್ತು, ಹಸುಗಳಿದ್ದವು. ನಾಜಿಗಳ ಕಾಟದಿಂದ ಬೌಹೌಸ್ ಎಂಬ ಕಲಾಶಾಲೆ ಮುಚ್ಚಿದ ಮೇಲೆ, ಇಂಗ್ಲಿಷು ಸರಿಯಾಗಿ ಬಾರದೆಯೂ ಜರ್ಮನಿಯಿಂದ ಬಂದ ಕಲಾವಿದ ಯೋಸೆಫ್ ಆಲ್ಬರ್ಸ್, ನೇಯ್ಗೆ ಕಲಿಸುತ್ತಿದ್ದ ಅವರ ಪತ್ನಿ ಆನಿ, ನಿನ್ನೆ ಮೊನ್ನೆ ಸೇರಿದ ಹುಡುಗ, ಎಲ್ಲರದೂ ಒಂದೇ ಪಂಕ್ತಿ. ತರಗತಿಯಲ್ಲಿ ಗುರುಗಳ ಮಾತಿಗೆ ಎದುರಾಡುವುದು ಕಷ್ಟ. ಎದುರಿಗೆ ಕುಳಿತು ಉಣ್ಣುತ್ತಿರುವಾಗ ಅದು ತಾನಾಗಿಯೇ ಸುಲಭವಾಗುತ್ತದೆ. ಕೆಲಸಕ್ಕೂ ಕಲೆಗೂ ನಡುವೆ ಗೋಡೆಯಿರಲಿಲ್ಲ ಎಂಬುದಕ್ಕೆ ರೂತ್ ಅಸಾವಾಗಿಂತ ಒಳ್ಳೆಯ ಸಾಕ್ಷಿ ಬೇಡ. ಜಪಾನಿ ಮೂಲದವರೆಂಬ ಕಾರಣಕ್ಕೆ ಯುದ್ಧಕಾಲದಲ್ಲಿ ಬಂಧನ ಶಿಬಿರದಲ್ಲಿದ್ದು, 1946ರಲ್ಲಿ ಇಲ್ಲಿಗೆ ಬಂದ ಆಕೆ, ಬಟ್ಟೆಗಳಿಗೆ ಗುರುತು ಹಾಕುವ ‘ಬಿಎಂಸಿ’ (ಕಾಲೇಜಿನ ಹೆಸರಿನ ಮೊದಲಕ್ಷರಗಳು) ಮುದ್ರೆಯನ್ನು ಮತ್ತೆ ಮತ್ತೆ ಒತ್ತಿ ಚಿತ್ರ ರಚಿಸಿದರು.

ಸಂಜೆಯಾದರೆ ಊಟದ ಮನೆಯೇ ರಂಗಮಂದಿರ. 1948ರ ಬೇಸಿಗೆಯಲ್ಲಿ ಫ್ರೆಂಚ್ ಸಂಗೀತಕಾರ ಎರಿಕ್ ಸಾತಿಯ ಪ್ರಹಸನವೊಂದನ್ನು ಆಡಿದಾಗ, ಗುಮ್ಮಟಗಳ ವಿನ್ಯಾಸಕ್ಕೆ ಹೆಸರಾದ ಬಕ್‌ಮಿನ್‌ಸ್ಟರ್ ಫುಲ್ಲರ್ ಬ್ಯಾರನ್ನನ ಪಾತ್ರ ವಹಿಸಿದರು. ನೃತ್ಯಗಾರ ಮರ್ಸ್ ಕನ್ನಿಂಗ್‌ಹ್ಯಾಮ್ ಕೋತಿಯಾಗಿ ಕುಣಿದರು. 1952ರಲ್ಲಿ ಅಲ್ಲಿಯೇ ಸಂಗೀತ ರಚನಕಾರ ಜಾನ್ ಕೇಜ್ ಒಂದು ವಿಚಿತ್ರ ಕಾರ್ಯಕ್ರಮ ಏರ್ಪಡಿಸಿದರು: ಉಪನ್ಯಾಸ, ಕವಿತಾವಾಚನ, ಪಿಯಾನೊ, ನೃತ್ಯ, ಮೇಲೆ ತೂಗುಹಾಕಿದ ರೌಷನ್‌ಬರ್ಗ್ ಅವರ ಬರಿಯ ಬಿಳಿಯ ಚಿತ್ರಗಳು, ಎಲ್ಲವೂ ಏಕಕಾಲಕ್ಕೆ. ನೋಡಿದವರ ನೆನಪುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಪ್ರತಿ ಆಸನದ ಮೇಲೂ ಒಂದು ಖಾಲಿ ಲೋಟವಿತ್ತಂತೆ. ಏಕೆಂದು ಯಾರೂ ಹೇಳದೆ ಇದ್ದುದರಿಂದ ಕೆಲವರು ಅದರಲ್ಲಿ ಸಿಗರೇಟಿನ ಬೂದಿ ಕೊಡವಿದರಂತೆ, ಕೊನೆಯಲ್ಲಿ ಅವಕ್ಕೇ ಕಾಫಿ ಸುರಿದರಂತೆ. ಈ ಪ್ರಯೋಗದ ಬಗ್ಗೆ ಪಂಡಿತರು ಬರೆದಿರುವ ವಿವರಣೆಗಳಿಗಿಂತ ಆ ಕಾಫಿಯ ಸಂಗತಿಯೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಹಣದ ಮುಗ್ಗಟ್ಟು ಮಾತ್ರ ಕಡೆಯವರೆಗೂ ಬಿಡಲಿಲ್ಲ. ಜಾಗವನ್ನು ತುಂಡುತುಂಡಾಗಿ ಮಾರುತ್ತ ಬಂದರು. 1956ರಲ್ಲಿ ಪಾಠಗಳು ನಿಂತವು. ಲೆಕ್ಕ ಚುಕ್ತಾ ಮಾಡುವ ಕೆಲಸ ಕೊನೆಯ ಮುಖ್ಯಸ್ಥರಾಗಿದ್ದ ಕವಿ ಚಾರ್ಲ್ಸ್ ಓಲ್ಸನ್ನರ ಪಾಲಿಗೆ ಬಂತು. ಲೇಕ್ ಈಡನ್ ಈಗ ಹುಡುಗರ ಬೇಸಿಗೆ ಶಿಬಿರ. ಔಷಧಿಯ ಗ್ರೋವ್ ಬಯಸಿದ್ದೂ ಹೆಚ್ಚುಕಡಿಮೆ ಅದನ್ನೇ.