ಏನಾದ್ರೂ ಮಾಡು

ಬೆಳಗ್ಗೆ ತಿಂಡಿ ಮುಗಿದು ತೊಳೆದ ತಟ್ಟೆಗಳಿನ್ನೂ ಆರಿರುತ್ತಿರಲಿಲ್ಲ, ಆಗಲೇ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಡುಮನೆಗೆ ಬಂದು ನಿಲ್ಲುತ್ತಿದ್ದಳು. "ಮಧ್ಯಾಹ್ನಕ್ಕೆ ಏನು ಮಾಡ್ಲಿ?" ಅಪ್ಪ ಪೇಪರಿನ ಹಿಂದಿನಿಂದ "ಏನಾದ್ರೂ ಮಾಡು" ಅನ್ನುತ್ತಿದ್ದರು. ಅಕ್ಕ ಜಡೆ ಹೆಣೆದುಕೊಳ್ಳುತ್ತಾ "ಏನಾದ್ರೂ ಮಾಡಮ್ಮ" ಅನ್ನುತ್ತಿದ್ದಳು. ನಾನು ಬರೀ "ಹೂಂ" ಅನ್ನುತ್ತಿದ್ದೆ. ಯಾವುದಕ್ಕೆ ಹೂಂ ಅಂತ ನನಗೂ ಗೊತ್ತಿರಲಿಲ್ಲ. ಹೀಗೆ ಮೂರು ಜನ ಸೇರಿ ಅವಳಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಿದ್ದೇವೆ ಅಂತಲೇ ಬಹಳ ವರ್ಷ ನಂಬಿದ್ದೆ. ಮಧ್ಯಾಹ್ನ ತಟ್ಟೆ ಮುಂದೆ ಕೂತು "ಅಯ್ಯೋ, ಇವತ್ತೂ ಸೋರೆಕಾಯಾ?" ಅನ್ನುವ ಸ್ವಾತಂತ್ರ್ಯವನ್ನು ಮಾತ್ರ ನಮ್ಮ ಹತ್ತಿರವೇ ಇಟ್ಟುಕೊಂಡಿದ್ದೆವು.

ಈಗ ನಮ್ಮನೆಯಲ್ಲಿ ಆ ಪ್ರಶ್ನೆ ಕೇಳುವವನು ನಾನು. ಅದು ನನ್ನ ಪಾಲಿಗೆ ಬಂದದ್ದು ಅಡುಗೆ ಮೇಲಿನ ಪ್ರೀತಿಯಿಂದಲ್ಲ, ಲಾಕ್‌ಡೌನಿನಿಂದ. 2020ರ ಮಾರ್ಚ್ 25ಕ್ಕೆ ದೇಶ ಬಾಗಿಲು ಹಾಕಿತು, ನನ್ನ ಆಫೀಸು ಲ್ಯಾಪ್‌ಟಾಪಿನೊಳಗೆ ಕೂತು ಮನೆಗೆ ಬಂತು. ಹೆಂಡತಿ ಬ್ಯಾಂಕಿನವಳು. ಬ್ಯಾಂಕು ಮಾತ್ರ ಬಾಗಿಲು ಹಾಕಲಿಲ್ಲ. ಅವಳು ಮಾಸ್ಕ್ ಕಟ್ಟಿಕೊಂಡು ಹೊರಡುವಾಗ ಬಾಗಿಲಲ್ಲಿ ನಿಂತು "ಅನ್ನ ಸಾರು ಮಾಡಿಡೋಕೆ ಆಗುತ್ತಾ?" ಅಂದಳು. ಆಗುತ್ತೆ, ಅದೇನು ಮಹಾ ಅಂದೆ.

ಆ ದಿನಗಳಲ್ಲಿ ಎಲ್ಲರೂ ಫೋನಿನಲ್ಲಿ ಡಾಲ್ಗೋನಾ ಕಾಫಿಯ ನೊರೆ ತೋರಿಸುತ್ತಿದ್ದರು, ಬಾಳೆಹಣ್ಣಿನ ಬ್ರೆಡ್ ತೋರಿಸುತ್ತಿದ್ದರು. ನಾನೂ ಒಂದು ಭಾನುವಾರ ಜಿಲೇಬಿ ಸುತ್ತಿದೆ. ಸುಮ್ನೆ ಹೇಳಬಾರದು, ಚೆನ್ನಾಗೇ ಬಂತು. ಭಾನುವಾರದ ಅಡುಗೆ ಕಷ್ಟವಲ್ಲ ಕಣ್ರೀ. ಅದಕ್ಕೆ ಸಾಮಾನು ತರಬೇಕು, ಫೋಟೋ ತೆಗೀಬೇಕು, ನೆಂಟರ ಗುಂಪಿಗೆ ಹಾಕಬೇಕು, ಹೊಗಳಿಸಿಕೊಳ್ಳಬೇಕು. ಕಷ್ಟ ಇರುವುದು ಮಂಗಳವಾರದ ಅಡುಗೆಯಲ್ಲಿ. ಮಂಗಳವಾರ ಹನ್ನೊಂದೂವರೆಗೆ, ಎರಡು ಮೀಟಿಂಗಿನ ನಡುವೆ, ಫ್ರಿಜ್ಜಿನಲ್ಲಿ ಬಾಡಿದ ಅರ್ಧ ಮೂಲಂಗಿ ಮತ್ತು ಒಂದು ಹಿಡಿ ಕೊತ್ತಂಬರಿ ಸೊಪ್ಪು ಇಟ್ಟುಕೊಂಡು ಮನೆಮಂದಿ ಗೊಣಗದ ಹಾಗೆ ಏನಾದ್ರೂ ಮಾಡುವುದಿದೆಯಲ್ಲ, ಅದರ ಫೋಟೋವನ್ನು ಯಾರೂ ಹಾಕುವುದಿಲ್ಲ.

ನನ್ನ ಮೊದಲನೇ ಸಾರಿನ ಕಥೆ ಹೇಳುತ್ತೇನೆ. ಸಾರು ಅಂದ ಮೇಲೆ ಬೇಳೆ ಇರಬೇಕು, ಹುಣಸೆಹಣ್ಣು ಇರಬೇಕು, ಟೊಮೇಟೊ ಇರಬೇಕು, ಪುಡಿ ಇರಬೇಕು, ಉಪ್ಪಿರಬೇಕು. ಎಲ್ಲ ಇತ್ತು. ಎಲ್ಲವನ್ನೂ ಕುಕ್ಕರಿಗೆ ಹಾಕಿ ಮುಚ್ಚಳ ಬಿಗಿದೆ. ಇದಕ್ಕೆ ಯಾಕೆ ಹೆಂಗಸರು ಇಷ್ಟೊಂದು ಪಾತ್ರೆ ಎಬ್ಬಿಸುತ್ತಾರೋ ಅಂತ ಮನಸ್ಸಿನಲ್ಲೇ ನಕ್ಕೆ. ನಾಲ್ಕು ಸೀಟಿ ಆಯಿತು. ತೆಗೆದು ನೋಡಿದರೆ ಬೇಳೆ ನೆನೆಸಿಟ್ಟ ಹಾಗೇ ಇದೆ, ಹಲ್ಲಿಗೆ ಸಿಗುತ್ತದೆ. ಇನ್ನೂ ನಾಲ್ಕು ಸೀಟಿ. ಕಾಳು ಒಡೆಯಲಿಲ್ಲ. ಮೇಲೆ ಹುಳಿ ನೀರು, ಕೆಳಗೆ ಬೇಳೆ, ಇಬ್ಬರೂ ಮಾತು ಬಿಟ್ಟ ದಾಯಾದಿಗಳ ಹಾಗೆ ಕೂತಿದ್ದಾರೆ.

ತುಮಕೂರಿಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮ ಫೋನನ್ನು ಕಿವಿಗೇ ಇಟ್ಟುಕೊಂಡಿದ್ದರಿಂದ ನನಗೆ ಕಂಡದ್ದು ಅವಳ ಓಲೆ ಮಾತ್ರ. "ಬೇಳೆ ಬೇಯೋಕೆ ಮುಂಚೆ ಹುಳಿ ಹಾಕ್ದೆಯೇನೋ?" ಅಂದಳು, ಏನನ್ನೂ ನೋಡದೆ. "ಹುಳಿ ಕಂಡ್ರೆ ಬೇಳೆ ಮುನಿಸ್ಕೊಳ್ಳುತ್ತೆ. ಅದು ಬೆಂದು ಮೆತ್ತಗಾದ ಮೇಲೆ ಹಾಕು, ಆಗ ಏನೂ ಮಾಡ್ಕೊಳಲ್ಲ." ಆಮೇಲೆ ನಾನು ಓದಿ ತಿಳಿದುಕೊಂಡೆ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವುದು ಪೆಕ್ಟಿನ್ ಅನ್ನುವ ಅಂಟು. ಬಿಸಿನೀರಿನಲ್ಲಿ ಅದು ಕರಗಿದರೆ ಬೇಳೆ ಮೆತ್ತಗಾಗುತ್ತದೆ, ಹುಳಿ ಇದ್ದರೆ ಕರಗಲು ಸತಾಯಿಸುತ್ತದೆ. ಅಂದರೆ ಅಮ್ಮ ಹೇಳಿದ್ದೇ. ಮುನಿಸು ಅನ್ನುವ ಮಾತಿನಲ್ಲಿ ಎಲ್ಲ ಬಂದಿತ್ತು.

ಅವಳ ಅಳತೆಗಳದ್ದು ಇನ್ನೊಂದು ಗೋಳು. "ನಿಂಬೆಹಣ್ಣಿನ ಗಾತ್ರ ಹುಣಸೆಹಣ್ಣು" ಅನ್ನುತ್ತಾಳೆ. ಯಾವ ನಿಂಬೆಹಣ್ಣು? ಬೇಸಿಗೆಯಲ್ಲಿ ಸಿಗುವ ಗೋಲಿಯಂಥದ್ದೋ, ಗಜನಿಂಬೆಯೋ? "ಉಪ್ಪು ನೋಡ್ಕೊಂಡು ಹಾಕು" ಅನ್ನುತ್ತಾಳೆ. ಉಪ್ಪನ್ನು ನೋಡಿದರೆ ಏನು ಗೊತ್ತಾಗುತ್ತದೆ? ಎಷ್ಟು ಹೊತ್ತು ಕುದಿಸಲಿ ಅಂದರೆ "ಘಮ ಬರೋವರೆಗೂ". ಫೋನಿನಲ್ಲಿ ಘಮ ಕಳಿಸುವ ಆ್ಯಪ್ ಇನ್ನೂ ಬಂದಿಲ್ಲ. ಆದರೂ ಅವಳು ಕೇಳುವುದು ಅದನ್ನೇ. "ಈಗ ವಾಸನೆ ಹೆಂಗಿದೆ? ಹಸಿ ಹಸಿ ಅನ್ಸುತ್ತಾ?" ಮೂಗನ್ನು ಪಾತ್ರೆ ಮೇಲೆ ಹಿಡಿದು ನಿಜವಾಗಿಯೂ ಗಮನ ಕೊಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು. ಹುಣಸೆ ರಸದ ಹಸಿ ವಾಸನೆ ಅಂತ ಒಂದಿರುತ್ತದೆ, ಸ್ವಲ್ಪ ಮಣ್ಣಿನ ಹಾಗೆ. ಕುದಿಯುತ್ತಾ ಕುದಿಯುತ್ತಾ ಯಾವುದೋ ಗಳಿಗೆಯಲ್ಲಿ ಅದು ಹೋಗಿಬಿಡುತ್ತದೆ. ಆಗ ಬೇಳೆಕಟ್ಟು ಹಾಕಬೇಕು, ಪುಡಿ ಹಾಕಬೇಕು. ಪುಡಿ ಬಿದ್ದ ಮೇಲೆ ಜಾಸ್ತಿ ಕುದಿಸಬಾರದು. ಅಂಚಿನಲ್ಲಿ ನೊರೆ ಕಟ್ಟಿಕೊಂಡು, ನಡುವಿಗೆ ಬಂದು, ಇನ್ನೇನು ಉಕ್ಕುತ್ತದೆ ಅನ್ನುವಾಗ ಒಲೆ ಆರಿಸಬೇಕು. ಅರ್ಧ ನಿಮಿಷ ಮೊದಲಾದರೆ ನೀರು ನೀರು, ಅರ್ಧ ನಿಮಿಷ ತಡವಾದರೆ ಘಮವೆಲ್ಲ ಪಕ್ಕದ ಮನೆಗೆ.

ಪುಡಿಯೂ ಅಲ್ಲಿಂದಲೇ ಬರುತ್ತದೆ, ತುಮಕೂರು ಬಸ್ಸಿನಲ್ಲಿ, ಹಾರ್ಲಿಕ್ಸ್ ಬಾಟಲಿಯಲ್ಲಿ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಚಿಟಿಕೆ ಮೆಂತ್ಯ, ಸಾಸಿವೆ, ಕರಿಬೇವು, ಇಂಗು, ಮತ್ತೆ ಬ್ಯಾಡಗಿ ಮೆಣಸಿನಕಾಯಿ. ಬ್ಯಾಡಗಿ ಹಾವೇರಿ ಜಿಲ್ಲೆಯ ಊರು, ಅಲ್ಲಿನ ಮೆಣಸಿನಕಾಯಿ ಮೈಯೆಲ್ಲ ಸುಕ್ಕು, ಬಣ್ಣ ಗಾಢ, ಖಾರ ಕಡಿಮೆ. ನೋಡಿದರೆ ಹೆದರಿಕೆ, ತಿಂದರೆ ಸಾಧು. ಒಂದು ಸಲ ಪುಡಿ ಮುಗಿದಾಗ ನಾನೇ ಹುರಿದೆ. ಅಂಗಡಿಯವನು ಕೊಟ್ಟ ಗುಂಟೂರು ಮೆಣಸಿನಕಾಯಿಯನ್ನು ಬ್ಯಾಡಗಿ ಲೆಕ್ಕದಲ್ಲೇ ಹಾಕಿಬಿಟ್ಟೆ. ಆ ವಾರ ನಮ್ಮನೆಯಲ್ಲಿ ಮೊಸರಿನ ಖರ್ಚು ಎರಡರಷ್ಟಾಯಿತು.

ಮೆಣಸಿನಕಾಯಿ ನಮ್ಮದಲ್ಲ ಅಂತ ನಮ್ಮ ಭಾಷೆಗೇ ಗೊತ್ತು. ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಅದಕ್ಕೂ ಮುಂಚೆ ಖಾರ ಅಂದರೆ ಮಲೆನಾಡಿನ ಬಳ್ಳಿಯಲ್ಲಿ ಬಿಡುವ ಮೆಣಸೇ. ಹೊಸದಾಗಿ ಬಂದ ಕಾಯಿಗೆ ಹೆಸರಿಡುವಾಗ ಜನ ತಲೆ ಕೆಡಿಸಿಕೊಳ್ಳಲಿಲ್ಲ, ಮೆಣಸಿನ ಹಾಗೆ ಖಾರ ಇರುವ ಕಾಯಿ, ಮೆಣಸಿನಕಾಯಿ ಅಂದರು. ಕರಾವಳಿಯವರು ಕರಿಮೆಣಸನ್ನು ಇವತ್ತಿಗೂ "ಒಳ್ಳೆ ಮೆಣಸು" ಅನ್ನುತ್ತಾರೆ. ಹಾಗಾದರೆ ಇನ್ನೊಂದು ಏನು ಅಂತ ಕೇಳುವ ಹಾಗಿಲ್ಲ. ನೆಗಡಿಯಾದ ದಿನ ಬರೀ ಮೆಣಸು, ಜೀರಿಗೆ, ಹುಣಸೆಹಣ್ಣಿನಲ್ಲಿ ಮಾಡುವ ಮೆಣಸಿನ ಸಾರು ಕುಡಿಯುವಾಗ ನನಗೆ ಅನ್ನಿಸುತ್ತದೆ, ಮೆಣಸಿನಕಾಯಿ ಬರುವ ಮುಂಚಿನ ಸಾರು ಹೆಚ್ಚುಕಡಿಮೆ ಹೀಗೇ ಇದ್ದಿರಬೇಕು. ಟೊಮೇಟೊ ಕೂಡ ಅಮೆರಿಕದ ಕಡೆಯದ್ದೇ. 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ನಾನು ಗಾಬರಿಯಾಗಿ ಅಮ್ಮನಿಗೆ ಫೋನ್ ಮಾಡಿದೆ. "ನಮ್ಮಜ್ಜಿ ಸಾರಿಗೆ ಅದನ್ನ ಮುಟ್ತಾನೇ ಇರ್ಲಿಲ್ಲ, ನೀನ್ಯಾಕೆ ಅಳ್ತೀಯ?" ಅಂದಳು.

ಇದನ್ನೆಲ್ಲ ಸರಳ ಅಡುಗೆ ಅನ್ನುತ್ತೇವೆ. ಬೇಳೆ ಕಲಬುರಗಿಯದು, ಮೆಣಸಿನಕಾಯಿ ಬ್ಯಾಡಗಿಯದು, ಕಡಲೆ ಬೀಜದಷ್ಟು ಇಂಗಿಗೆ ಅಫ್ಘಾನಿಸ್ತಾನದ ಕಡೆಗೆ ಕೈಚಾಚಬೇಕು. ನಮ್ಮ ದೇಶದಲ್ಲೇ ಇಂಗು ಬೆಳೆಯೋಣ ಅಂತ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಮೊದಲ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ, ಅಂದರೆ ನಾನು ಒಗ್ಗರಣೆ ಹಾಕೋದು ಕಲಿತ ವರ್ಷವೇ.

ನೀರಿನದ್ದೂ ಒಂದು ಪಾತ್ರ ಇದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರು ಸಾಲದೆ ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಬರತೊಡಗಿತು. ಮೂರು ಸೀಟಿಗೆ ಬೆಣ್ಣೆಯಾಗುತ್ತಿದ್ದ ಅದೇ ಬೇಳೆ ಐದಕ್ಕೂ ಗಟ್ಟಿ. ನನಗೆ ಅಂಗಡಿಯವನ ಮೇಲೆ ಅನುಮಾನ. ಬೇಳೆ ಬದಲಾಯಿಸಿದೆ, ಮತ್ತೆ ಅದೇ ಕಥೆ. ಕಡೆಗೆ ನೋಡಿದರೆ ಟ್ಯಾಂಕರಿನದ್ದು ಬೋರ್‌ವೆಲ್ ನೀರು, ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ ಜೊತೆ ಕೈಜೋಡಿಸಿ ಅದನ್ನು ಇನ್ನೂ ಬಿಗಿ ಮಾಡುತ್ತದೆ. ಊರಿನಲ್ಲಿ ಹೆಂಗಸರು "ಆ ಬಾವಿ ನೀರಿಗೆ ಬೇಳೆ ಬೇಯಲ್ಲ" ಅಂತ ಎರಡು ಬೀದಿ ಆಚೆಯ ಬಾವಿಗೆ ಹೋಗುತ್ತಿದ್ದರಲ್ಲ, ನಾವು ಅದನ್ನು ಮಾತಾಡೋಕೆ ಹೋಗುವ ನೆಪ ಅಂದುಕೊಂಡಿದ್ದೆವು. ಮಾತೂ ಆಡುತ್ತಿದ್ದರು ಬಿಡಿ.

ಇಷ್ಟೆಲ್ಲ ಕೈಗೆ ಒಗ್ಗಿದ ಮೇಲೂ ಬೆಳಗಿನ ಆ ಪ್ರಶ್ನೆ ಮಾತ್ರ ಹಗುರಾಗಿಲ್ಲ. ಮಾಡೋದು ಮುಕ್ಕಾಲು ಗಂಟೆ, ಏನು ಮಾಡೋದು ಅಂತ ಯೋಚಿಸೋದು ಇಡೀ ದಿನ. ರಾತ್ರಿ ಹಲ್ಲುಜ್ಜುವಾಗ ಕಾಳು ನೆನೆಸಿದೆನಾ ಅಂತ ನೆನಪಾಗುತ್ತದೆ. ಮೀಟಿಂಗಿನಲ್ಲಿ ಯಾರೋ ಮುಂದಿನ ಮೂರು ತಿಂಗಳ ಯೋಜನೆ ಹೇಳುತ್ತಿರುವಾಗ ನನ್ನ ತಲೆಯೊಳಗೆ ಫ್ರಿಜ್ಜಿನ ಎರಡನೇ ಶೆಲ್ಫು ಓಡುತ್ತಿರುತ್ತದೆ. ಅಲ್ಲಿ ನಿನ್ನೆಯ ಅನ್ನ ಒಂದು ಡಬ್ಬಿ ಇದೆ, ಅದು ಚಿತ್ರಾನ್ನ. ಅರ್ಧ ಕಾಯಿ ತುರಿ ಇದೆ, ಅದು ಇವತ್ತೇ ಮುಗಿಯಬೇಕು. ದಂಟಿನ ಸೊಪ್ಪು ನಾಳೆಗೆ ತಡೆಯೋಲ್ಲ. ನಾವು ಅಂದುಕೊಂಡ ಹಾಗೆ ದಿನಾ ಅಡುಗೆ ಹೊಸದಾಗಿ ಶುರುವಾಗುವುದೇ ಇಲ್ಲ. ಅದು ಯಾವಾಗಲೂ ನಿನ್ನೆಯ ಮುಂದುವರಿಕೆ.

ನನ್ನ ಪ್ರಕಾರ "ಏನಾದ್ರೂ ಮಾಡು" ಅನ್ನುವ ಮಾತಿಗೆ ಕೊಟ್ಟ ಉತ್ತರಗಳಲ್ಲೇ ದೊಡ್ಡದು ಬಸ್ಸಾರು. ಸೊಪ್ಪು, ಬೇಳೆ ಒಟ್ಟಿಗೆ ಬೇಯಿಸು, ನೀರು ಬಸಿ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆ, ಎರಡು ಅಡುಗೆ, ಪಕ್ಕದಲ್ಲಿ ಮುದ್ದೆ. ಇದನ್ನು ಕಂಡುಹಿಡಿದ ಹೆಂಗಸು ಯಾರೋ ಗೊತ್ತಿಲ್ಲ, ಆದರೆ ಅವತ್ತು ಅವಳಿಗೆ ಬಹಳ ಸುಸ್ತಾಗಿತ್ತು ಅನ್ನುವುದು ಖಂಡಿತ. ಮಲೆನಾಡಿನವರು ಹಿತ್ತಿಲಿಗೆ ಹೋಗಿ ನಾಲ್ಕು ದೊಡ್ಡಪತ್ರೆ ಎಲೆ ಕಿತ್ತು, ಬಾಡಿಸಿ, ಕಾಯಿ ಜೀರಿಗೆ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿ ತಂಬುಳಿ ಅನ್ನುತ್ತಾರೆ, ಒಲೆಗೆ ಕೆಲಸವೇ ಕಡಿಮೆ. ಉತ್ತರ ಕರ್ನಾಟಕದಲ್ಲಿ ತರಕಾರಿ ಏನೂ ಇಲ್ಲದ ದಿನಕ್ಕೆ ಕಡಲೆ ಹಿಟ್ಟಿನ ಝುಣಕ. ಹೋಟೆಲಿನವರಿಗೂ ಈ ಗತಿ ಬರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರಂತೆ, ಅದೇ ರವೆ ಇಡ್ಲಿ. ಅಲ್ಲಿಯೂ ಯಾರೋ ಅಡುಗೆಭಟ್ಟರಿಗೆ "ಏನಾದ್ರೂ ಮಾಡಿ" ಅಂದಿರಬೇಕು.

ಹೆಂಡತಿ ಮತ್ತು ಮಗಳಿಗೆ ನಾನು ಒಂದು ಕಾನೂನು ಮಾಡಿದೆ. "ಏನಾದ್ರೂ" ಅನ್ನುವ ಪದ ಈ ಮನೆಯಲ್ಲಿ ನಿಷೇಧ, ಬಾಯಿಬಿಟ್ಟು ಅಡುಗೆ ಹೆಸರು ಹೇಳಬೇಕು ಅಂತ. ಮಗಳು ಮೂರು ದಿನ ನೂಡಲ್ಸ್ ಅಂದಳು. ಹೆಂಡತಿ ಒಂದು ಬೆಳಗ್ಗೆ, ಬ್ಯಾಗಿಗೆ ಡಬ್ಬಿ ಹಾಕಿಕೊಳ್ಳುತ್ತಾ, "ನುಚ್ಚಿನುಂಡೆ" ಅಂದುಬಿಟ್ಟಳು. ಬೇಳೆ ನೆನೆಹಾಕಿ, ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು ಹೆಚ್ಚಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸುವಷ್ಟರಲ್ಲಿ ಎರಡು ಮೀಟಿಂಗ್ ತಪ್ಪಿತು. ಮಾರನೇ ದಿನ ಕಾನೂನು ವಾಪಸ್.

ಹೋದ ತಿಂಗಳು ಅಮ್ಮ ಹತ್ತು ದಿನಕ್ಕೆ ಬಂದಿದ್ದಳು. ಬಂದ ದಿನವೇ ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸಿಟ್ಟಳು, ಸಾಸಿವೆ ಎಲ್ಲಿದೆ ಅಂತ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಎರಡು ದಿನ ಅವಳೇ ಮಾಡಿದಳು. ಮೂರನೇ ದಿನ ಮಂಡಿ ನೋವು ಅಂತ ಸೋಫಾದಲ್ಲಿ ಕಾಲು ಚಾಚಿ ಕೂತು ಧಾರಾವಾಹಿ ಹಾಕಿಕೊಂಡಳು. ಹನ್ನೊಂದು ಗಂಟೆ. ನಾನು ಲ್ಯಾಪ್‌ಟಾಪ್ ಮುಚ್ಚಿ, ಟವೆಲಿಗೆ ಕೈ ಒರೆಸುತ್ತಾ ಹಾಲಿಗೆ ಬಂದು ನಿಂತೆ.

"ಅಮ್ಮ, ಮಧ್ಯಾಹ್ನಕ್ಕೆ ಏನು ಮಾಡ್ಲಿ?"

ಅವಳು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಏನಾದ್ರೂ ಮಾಡೋ" ಅಂದಳು.

ನಾನು ಇನ್ನೂ ಒಂದು ನಿಮಿಷ ಅಲ್ಲೇ ನಿಂತಿದ್ದೆ. ಮಧ್ಯೆ ಜಾಹೀರಾತು ಬಂತು. ಅವಳು ತಿರುಗಿ ನನ್ನ ಮುಖ ನೋಡಿದಳು, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಗತೊಡಗಿದಳು.

ಫ್ರಿಜ್ಜಿನಲ್ಲಿ ಅರ್ಧ ಸೋರೆಕಾಯಿ ಇತ್ತು.