ಮೂರೂವರೆ ಆಟವೇ ಆಟ

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನದಿಂದ ಒಂದೇ ಜಗಳ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾದರೆ ಚೆನ್ನೋ, ಮೂರೂವರೆಗೋ, ರಾತ್ರಿಯೋ? ಎಲ್ಲರೂ ಅಲ್ಲೇ ಎಂಎಸ್ ಮಾಡಿದವರು, ಈಗ ನ್ಯೂಜೆರ್ಸಿಯಲ್ಲಿ ಇರುವವರು. ವಯಸ್ಸು ನಲವತ್ತು ದಾಟಿದೆ. ಜಗಳ ಮಾತ್ರ ಹಾಸ್ಟೆಲ್ ಹುಡುಗರದ್ದೇ.

ಊರಿನ ಗೆಳೆಯರಿಗೆ ಒಂದು ಮಾತು. ಇದು ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅಮೆರಿಕದ್ದು. ಆಡುವವರು ಕಾಲೇಜು ಹುಡುಗರು, ನೋಡಲು ಸೇರುವವರು ಲಕ್ಷಕ್ಕೂ ಜಾಸ್ತಿ. ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವೆ ಸ್ಟೇಟ್ ಕಾಲೇಜ್ ಅಂತ ಒಂದು ಸಣ್ಣ ಊರು. ಪೆನ್ ಸ್ಟೇಟ್ ಇರುವುದು ಅಲ್ಲೇ. ಅದರ ಬೀವರ್ ಸ್ಟೇಡಿಯಂ ತುಂಬಿದರೆ ಊರಿನ ಜನಕ್ಕಿಂತ ಎರಡು ಪಟ್ಟು ಮೀರಿ ಜನ ಒಳಗಿರುತ್ತಾರೆ.

ರಾತ್ರಿ ಆಟಕ್ಕೆ ಯಾಕೆ ಅಷ್ಟು ಹುಚ್ಚು ಅಂದರೆ, ವೈಟ್‌ಔಟ್. ವರ್ಷಕ್ಕೊಂದು ಆಟಕ್ಕೆ ಎಲ್ಲರೂ ಬಿಳಿ ಅಂಗಿ ಹಾಕಿ ಬರಬೇಕು. ಇಡೀ ಸ್ಟೇಡಿಯಂ ಮೊದಲ ಸಲ ಹಾಗೆ ಬೆಳ್ಳಗಾಗಿದ್ದು 2007ರಲ್ಲಿ, ನೋಟ್ರ ಡಾಮ್ ತಂಡ ಬಂದಾಗ. ಲೈಟು ಬಿದ್ದು, ಒಂದು ಕಡೆಯವರು "ವಿ ಆರ್" ಅಂದು, ಎದುರುಗಡೆಯವರು "ಪೆನ್ ಸ್ಟೇಟ್" ಅಂದರೆ ಕೂತ ಬೆಂಚೇ ಅದುರುತ್ತದೆ. ಅದನ್ನು ಹಗಲಿನಲ್ಲಿ ಮಾಡಿದರೆ ಬಟ್ಟೆ ಒಣಗಿಸಿದ ಹಾಗೆ ಕಾಣುತ್ತದೆ, ಅಷ್ಟೆ. ನಾನು ಕರಾವಳಿಯವನು, ಬೆಳಗಿನವರೆಗೆ ಯಕ್ಷಗಾನ ನೋಡಿ ಬೆಳೆದವನು. ರಾತ್ರಿಯ ರಂಗು ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಆಟ ಮುಗಿದ ಮೇಲಿನ ಕಥೆ ಯಾರೂ ಪೋಸ್ಟ್ ಮಾಡುವುದಿಲ್ಲ. ಕಾರು ನಿಲ್ಲಿಸಿದ್ದು ಹುಲ್ಲಿನ ಗದ್ದೆಯಲ್ಲಿ. ಹನ್ನೊಂದೂವರೆಗೆ ಬಂದು ಕೂತರೆ ಒಂದು ಗಂಟೆಯಾದರೂ ಮುಂದಿನ ಕಾರು ಅಲುಗುವುದಿಲ್ಲ. ಗಾಜಿನ ತುಂಬ ಉಸಿರಿನ ಮಂಜು. ಹಿಂದಿನ ಸೀಟಿನಲ್ಲಿ ಮಗಳು ಮುಖಕ್ಕೆ ಬಳಿದ ಬಿಳಿ ಬಣ್ಣ ಸೀಟಿಗೆಲ್ಲ ಒರೆಸಿಕೊಂಡು ನಿದ್ದೆ. ಫ್ಲಾಸ್ಕಿನಲ್ಲಿ ಒಂದು ಗುಟುಕು ತಣ್ಣನೆಯ ಕಾಫಿ. ಊರಲ್ಲಿ ಬೆಳಗಾಗಿರುತ್ತದಲ್ಲ, ಅಮ್ಮನಿಗೆ ಫೋನ್ ಮಾಡಿದೆ. "ನಡುರಾತ್ರಿ ಗದ್ದೆಯಲ್ಲಿ ಎಂತ ಮಾಡ್ತಿದ್ದೆ ಮಗಾ?" ಅಂದರು. ಉತ್ತರ ಹೊಳೆಯಲಿಲ್ಲ. ಅಲ್ಲಿಂದ ಮನೆಗೆ ನಾಲ್ಕು ಗಂಟೆ ದಾರಿ. ದಾರಿಯುದ್ದಕ್ಕೂ ಜಿಂಕೆ ಹಾರುತ್ತವೆ. ಇಪ್ಪತ್ತೆರಡರಲ್ಲಿ ಅದು ಮಜಾ, ನಲವತ್ತಮೂರರಲ್ಲಿ ಬೆನ್ನುನೋವು.

ಹಾಗಂತ ಹನ್ನೆರಡರ ಆಟ ಬೇಕಾ? ಅಯ್ಯೋ ಬೇಡ ಮಾರಾಯ್ರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೊರಡಬೇಕು. ಈ ಆಟದ ಅರ್ಧ ಸುಖ ಇರುವುದೇ ಟೇಲ್‌ಗೇಟ್‌ನಲ್ಲಿ, ಅಂದರೆ ಕಾರಿನ ಡಿಕ್ಕಿ ತೆಗೆದು ಅಲ್ಲೇ ಒಲೆ ಹೂಡಿ ತಿನ್ನುವುದರಲ್ಲಿ. ಬೆಳಗ್ಗೆ ಎಂಟಕ್ಕೆ ಪಕ್ಕದವರ ಬರ್ಗರ್ ಹೊಗೆ ಮೂಗಿಗೆ ಬಡಿದರೆ ಯಾರಿಗೆ ಹಸಿವಾಗುತ್ತದೆ? ನಾನು ಒಯ್ಯುವ ಚಿತ್ರಾನ್ನವೂ ಆ ಹೊತ್ತಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಕೋಡುಬಳೆ ಮಾತ್ರ ಯಾವ ಹೊತ್ತಿಗಾದರೂ ಖಾಲಿ. ಪಕ್ಕದ ಟ್ರಕ್ಕಿನ ಅಜ್ಜ ಅದನ್ನು "ರಿಂಗ್" ಅಂತ ಕೇಳಿ ಪಡೆಯುತ್ತಾನೆ.

2024ರ ನವೆಂಬರ್ 2ರಂದು ಒಹಾಯೊ ಸ್ಟೇಟ್ ತಂಡ ಬಂದಿದ್ದು ಇದೇ ಹನ್ನೆರಡಕ್ಕೆ. ಅವತ್ತು 1,11,030 ಜನ, ಆ ಸ್ಟೇಡಿಯಂನ ದಾಖಲೆ. ಕೊನೆಯ ಕ್ವಾರ್ಟರ್‌ನಲ್ಲಿ, ಅಂದರೆ ಆಟದ ಕೊನೆಯ ಕಾಲು ಭಾಗದಲ್ಲಿ, ಮೂರು ಗಜ ದೂರದಿಂದ ನಾಲ್ಕು ಅವಕಾಶ ಸಿಕ್ಕಿಯೂ ನಮ್ಮವರು ಗೋಲು ಗೆರೆ ದಾಟಲಿಲ್ಲ. 20-13ಕ್ಕೆ ಸೋತೆವು. "ರಾತ್ರಿಯಾಗಿದ್ದರೆ ಗೆಲ್ಲುತ್ತಿದ್ದೆವು" ಅಂತ ಗುಂಪಿನಲ್ಲಿ ಈಗಲೂ ಒಬ್ಬ ಗೊಣಗುತ್ತಾನೆ. ಸುಮ್ನೆ ಮಾತು. 2018ರಲ್ಲಿ ಅದೇ ಒಹಾಯೊ ಸ್ಟೇಟ್ ರಾತ್ರಿಯ ವೈಟ್‌ಔಟ್‌ನಲ್ಲೇ 27-26ಕ್ಕೆ ಸೋಲಿಸಿ ಹೋಗಿತ್ತು. ಲೈಟು ಚೆಂಡು ಹಿಡಿಯುವುದಿಲ್ಲ.

ನನ್ನ ಓಟು ಮೂರೂವರೆಗೆ. ಬೆಳಗ್ಗೆ ತಿಂಡಿ ತಿಂದು ನಿಧಾನಕ್ಕೆ ಹೊರಡಬಹುದು. ಅಕ್ಟೋಬರ್‌ನಲ್ಲಾದರೆ ಪಕ್ಕದ ಮೌಂಟ್ ನಿಟನಿ ಬೆಟ್ಟದ ಮೇಲಿನ ಎಲೆಗಳೆಲ್ಲ ಕೆಂಪು, ಹಳದಿ. ಮೊದಲರ್ಧಕ್ಕೆ ಬಿಸಿಲು. ಕೊನೆಯ ಕ್ವಾರ್ಟರ್‌ಗೆ ಕತ್ತಲಾಗಿ ಲೈಟೂ ಹತ್ತುತ್ತದೆ. ಎರಡೂ ಸಿಕ್ಕಿತಲ್ವಾ? ಮಧ್ಯರಾತ್ರಿಗೆ ಮನೆ ಸೇರಿ ಹಾಸಿಗೆಯಲ್ಲಿ ಮಲಗಬಹುದು.

ಆದರೆ ನಮ್ಮನ್ನು ಕೇಳುವವರು ಯಾರು? ಪೆನ್ ಸ್ಟೇಟ್ ಇರುವ ಕಾಲೇಜು ತಂಡಗಳ ಕೂಟಕ್ಕೆ ಬಿಗ್ ಟೆನ್ ಅಂತ ಹೆಸರು. 2023ರಿಂದ ಅದರ ಆಟಗಳನ್ನು ಮೂರು ಚಾನೆಲ್‌ಗಳು ಹಂಚಿಕೊಂಡಿವೆ. ಮಧ್ಯಾಹ್ನ ಫಾಕ್ಸ್, ಮೂರೂವರೆಗೆ ಸಿಬಿಎಸ್, ರಾತ್ರಿ ಎನ್‌ಬಿಸಿ. ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮಿಕ್ಕಿದ ಒಪ್ಪಂದ. ಹಿಂದೆ ಹನ್ನೆರಡಕ್ಕೆ ಸಪ್ಪೆ ಆಟಗಳು ಬೀಳುತ್ತಿದ್ದವು. ಸಂಜೆ ಹೊತ್ತಿಗೆ ಚಾನೆಲ್‌ಗಳೆಲ್ಲ ಕಿತ್ತಾಡುತ್ತವೆ, ಮಧ್ಯಾಹ್ನ ಖಾಲಿ ಇದೆ ಅಂತ ಫಾಕ್ಸ್ 2019ರಿಂದ ತನ್ನ ಒಳ್ಳೆಯ ಆಟವನ್ನೇ ಅಲ್ಲಿಗೆ ತಂದಿತು. ವ್ಯಾಪಾರವಾಗಿ ಅದು ಜಾಣತನ, ಒಪ್ಪುತ್ತೇನೆ.

ನನ್ನ ಸಿಟ್ಟು ಇರುವುದು ಗಂಟೆಯ ಮೇಲಲ್ಲ. ಟಿಕೆಟ್ ದುಡ್ಡು ಬೇಸಿಗೆಯಲ್ಲೇ ಕಟ್ಟಿರುತ್ತೇವೆ. ತುಂಬಾ ಆಟಗಳ ಹೊತ್ತು ಗೊತ್ತಾಗುವುದು ಹನ್ನೆರಡು ದಿನ ಮೊದಲು, ಕೆಲವು ಸಲ ಆರೇ ದಿನ ಮೊದಲು. ಹೋದ ಸಲ ರಾತ್ರಿ ಇರಬಹುದೆಂದು ಶನಿವಾರಕ್ಕೆ ರೂಮು ಹಿಡಿದೆ. ಆಟ ಹನ್ನೆರಡಕ್ಕೆ ಬಂತು, ಬೇಕಾಗಿದ್ದು ಶುಕ್ರವಾರದ ರೂಮು. ಹೋಟೆಲಿನವರು ದುಡ್ಡು ವಾಪಸ್ ಕೊಡಲಿಲ್ಲ. ನಮ್ಮೂರ ಯಕ್ಷಗಾನ ಮೇಳಗಳು ರಾತ್ರಿಯಿಡೀ ಆಡುವುದು ಬಿಟ್ಟು ಕಾಲಮಿತಿ ಆಟಕ್ಕೆ ಬಂದಾಗ ನಾವು ಎಷ್ಟೇ ಗೊಣಗಿದರೂ, ಕರಪತ್ರದಲ್ಲಿ ಹೊತ್ತಂತೂ ಇರುತ್ತಿತ್ತು.

ಮುಂದಿನ ಆಟದ ಗಂಟೆ ಸೋಮವಾರ ಗೊತ್ತಾಗುತ್ತದಂತೆ. ಕೋಡುಬಳೆ ಶುಕ್ರವಾರ ರಾತ್ರಿ ಕರಿಯಬೇಕೋ ಶನಿವಾರ ಬೆಳಗ್ಗೆಯೋ, ಅಲ್ಲಿಯವರೆಗೆ ಹಿಟ್ಟು ಡಬ್ಬದಲ್ಲೇ ಇರಲಿ.